ಸಹಾಯ ಬೇಕು: ಅಟ್ಟದ ಮಾಡು ಒಳಗಿನಿಂದ ಬೆವರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, 1960ರ ದಶಕದ ಹೆಂಚಿನ ಮನೆ. ಕಳೆದ ಬೇಸಿಗೆಯಲ್ಲಿ ಅಟ್ಟದ ನೆಲಕ್ಕೆ ಬಿಸಿ ಹೊರಹೋಗದಂತೆ 270 ಮಿ.ಮೀ. ದಪ್ಪ ಗ್ಲಾಸ್‌ವೂಲ್ (ಗಾಜಿನ ನಾರಿನ ಹಾಸು) ಹಾಕಿಸಿದೆವು. ಕೋಣೆಗಳು ಬೆಚ್ಚಗಾದವು. ಆದರೆ ಚಳಿ ಬಂದಾಗಿನಿಂದ ಹೆಂಚಿನಡಿಯ ಕಪ್ಪು ಬಿಟುಮೆನ್ ಫೆಲ್ಟಿನ (ಡಾಂಬರಿನಂಥ ಲೇಪದ ಹಾಳೆ) ತುಂಬ ಬೆಳಿಗ್ಗೆ ನೀರ ಹನಿ, ಉತ್ತರದ ಕಡೆಯ ಪಕಾಸುಗಳ ಮೇಲೆ ಬೂಷ್ಟು. ಮಳೆಯಿಲ್ಲದ ವಾರದಲ್ಲೂ ಹೀಗೇ, ಹಾಗಾಗಿ ಸೋರಿಕೆ ಅನ್ನಿಸುವುದಿಲ್ಲ.

ನನಗೆ ತಿಳಿದಂತೆ, ಕೆಳಗಿನ ಬಿಸಿ ತಲುಪದೆ ಅಟ್ಟ ಈಗ ಮೊದಲಿಗಿಂತ ತಣ್ಣಗಿದೆ. ಸ್ನಾನ, ಅಡುಗೆ, ಒಳಗೆ ಒಣಗಿಸುವ ಬಟ್ಟೆಯ ತೇವವೆಲ್ಲ ಲೈಟಿನ ತೂತು, ಅಟ್ಟದ ಬಾಗಿಲಿನ ಸಂದಿಗಳಿಂದ ಮೇಲೇರಿ ಫೆಲ್ಟಿಗೆ ತಾಗಿ ನೀರಾಗುತ್ತಿದೆ. ಸೂರಿನ ಬದಿಯಲ್ಲಂತೂ ಗ್ಲಾಸ್‌ವೂಲನ್ನು ಫೆಲ್ಟಿಗೆ ಒತ್ತುವಷ್ಟು ತುರುಕಿದ್ದಾರೆ, ಗಾಳಿ ಬರುವ ದಾರಿಯೇ ಇಲ್ಲ. ಬಾತ್‌ರೂಮ್ ಫ್ಯಾನಿನ ಪೈಪೂ ಅಟ್ಟದಲ್ಲೇ ಬಾಯಿ ಬಿಟ್ಟುಕೊಂಡಿದೆ. ಅದನ್ನು ಹೊರಗೋಡೆಗೆ ಒಯ್ಯಲು, ಸಂದಿಗಳನ್ನು ಮುಚ್ಚಲು ಒಬ್ಬರನ್ನು ಗೊತ್ತು ಮಾಡಿದ್ದೇವೆ.

ಕೇಳಬೇಕಾದ್ದು ಸೂರಿನ ವಿಷಯ. ಗ್ಲಾಸ್‌ವೂಲನ್ನು ಹಿಂದೆ ಸರಿಸಿ ಪಕಾಸುಗಳ ನಡುವೆ ಗಾಳಿಗೆ ದಾರಿ ಬಿಡುವ ಪ್ಲಾಸ್ಟಿಕ್ ಟ್ರೇ ಕೂರಿಸುವುದೋ, ಫೆಲ್ಟಿನ ಹಾಳೆಗಳು ಒಂದರ ಮೇಲೊಂದು ಬರುವಲ್ಲಿ ಸಂದಿ ಬಿಡಿಸುವ ಚಿಕ್ಕ ವೆಂಟ್‌ಗಳು ಸಾಕೋ? ಹೊರಗೆ ಸೂರಿನಡಿಯ ಸೋಫಿಟ್ ಹಲಗೆಯಲ್ಲಿ ತೂತುಗಳಿಲ್ಲ, ಅದನ್ನೂ ಕೊರೆಸಬೇಕೇ? ಇಂಥ ಮನೆಯಲ್ಲಿ ಮಾಡಿಸಿದವರು ದಯವಿಟ್ಟು ಹೇಳಿ, ಫೋಟೊ ಇದ್ದರೆ ಇನ್ನೂ ಒಳ್ಳೆಯದು.

ಮಾಡಿನ ಒಳಮೈಗೆ ಸ್ಪ್ರೇ ಫೋಮ್ (ಉಬ್ಬಿ ಗಟ್ಟಿಯಾಗುವ ನೊರೆ) ಹೊಡೆಸಿ ಅಂತ ಒಬ್ಬರು ಒತ್ತಾಯಿಸುತ್ತಿದ್ದಾರೆ. ಒದ್ದೆ ಮರವನ್ನು ಫೋಮಿನಲ್ಲಿ ಮುಚ್ಚಿದರೆ ಅದು ಒಣಗುವುದಾದರೂ ಹೇಗೆ? ಮುಂದೆ ಮನೆ ಮಾರುವಾಗ ಕೊಳ್ಳುವವರಿಗೆ ಸಾಲ ಕೊಡುವವರೂ ತಕರಾರು ತೆಗೆಯಬಹುದು. ಅದು ನಮಗೆ ಬೇಡ.

ಬೂಷ್ಟು ಹಿಡಿದ ಪಕಾಸುಗಳನ್ನು ಒಣಗಿದ ಮೇಲೆ ಒರೆಸಿದರೆ ಸಾಕೇ, ಔಷಧಿ ಹೊಡೆಸಬೇಕೇ? ಮಗಳಿಗೆ ಉಬ್ಬಸವಿದೆ, ಆದಷ್ಟು ಬೇಗ ಸರಿಮಾಡಿಸಬೇಕು.