ಕಿಡ್ನಿ ಸಂಶೋಧಕರು ಆಡಳಿತಕ್ಕೆ ಹೋದರೆ ನಷ್ಟ ಅಲ್ವಾ?

ಪ್ರಶ್ನೆ: ಕೀತ್ ಪೀಟರ್ಸ್ ಬಗ್ಗೆ ಓದುತ್ತಿದ್ದೆ. ವೇಲ್ಸ್‌ನವರು, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಕಿಡ್ನಿ ಸಂಶೋಧನೆ ಮಾಡಿ ಹೆಸರಾದವರು. 1987ರಲ್ಲಿ ಕೇಂಬ್ರಿಜ್‌ಗೆ ರೀಜಿಯಸ್ ಪ್ರೊಫೆಸರ್ (ರಾಜಮನೆತನ ಸ್ಥಾಪಿಸಿದ ಹಿರಿಯ ಪ್ರಾಧ್ಯಾಪಕ ಹುದ್ದೆ) ಆಗಿ ಹೋಗಿ 2005ರವರೆಗೆ ಅಲ್ಲಿನ ವೈದ್ಯಕೀಯ ಶಾಲೆ ನಡೆಸಿದರು. ಅಂಥವರು ಮೀಟಿಂಗು, ಫೈಲು ಅಂತ ಕೂತರೆ ಹೇಗೆ?

ಉತ್ತರ 1: ಮೊದಲು ಅವರ ಕೆಲಸ ನೋಡಿ. ಗುಡ್‌ಪಾಶ್ಚರ್ ಕಾಯಿಲೆಯಲ್ಲಿ ನಮ್ಮದೇ ಆ್ಯಂಟಿಬಾಡಿಗಳು (ರೋಗಾಣುಗಳ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳು) ಕಿಡ್ನಿಯ ಸೋಸುವ ಪೊರೆಯ ಮೇಲೆ ಬೀಳುತ್ತವೆ, ಎಷ್ಟೋ ಜನರಿಗೆ ಶ್ವಾಸಕೋಶದಲ್ಲೂ ರಕ್ತ ಸೋರುತ್ತದೆ. 1970ರ ದಶಕದಲ್ಲಿ ಅವರ ತಂಡ ಆ ಆ್ಯಂಟಿಬಾಡಿಗಳಿರುವ ಪ್ಲಾಸ್ಮಾವನ್ನು, ಅಂದರೆ ರೋಗಿಯ ರಕ್ತದ ದ್ರವ ಭಾಗವನ್ನು, ತೆಗೆದು ಬದಲಿ ದ್ರವ ಕೊಟ್ಟು, ಹೊಸ ಆ್ಯಂಟಿಬಾಡಿ ಹುಟ್ಟದ ಹಾಗೆ ಸ್ಟೀರಾಯ್ಡ್, ಸೈಕ್ಲೋಫಾಸ್ಫಮೈಡ್ ಎಂಬ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳನ್ನೂ ಸೇರಿಸಿತು. ಇವತ್ತಿಗೂ ಚಿಕಿತ್ಸೆಯ ತಿರುಳು ಅದೇ. ಬೇಗ ಶುರು ಮಾಡಬೇಕು ಅಷ್ಟೇ, ಡಯಾಲಿಸಿಸ್‌ವರೆಗೆ ಹೋದ ಮೇಲೆ ಕಿಡ್ನಿ ಚೇತರಿಸಿಕೊಳ್ಳುವುದು ಅಪರೂಪ.

ಉತ್ತರ 2: ನನಗಂತೂ ನಷ್ಟ ಅನ್ನಿಸುವುದಿಲ್ಲ. ಆ ಚಿಕಿತ್ಸೆ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ, ವಾರ್ಡಿನ ಡಾಕ್ಟರು, ಇಮ್ಯುನಾಲಜಿ (ರೋಗನಿರೋಧಕ ಶಕ್ತಿಯ ಅಧ್ಯಯನ) ಲ್ಯಾಬು ಎರಡೂ ಕೂಡಿ ಕೆಲಸ ಮಾಡಬೇಕು. ಹಾಗೆ ಜನರನ್ನು ಕೂಡಿಸಿ ಗೊತ್ತಿದ್ದವರೇ ಶಾಲೆ ನಡೆಸಿದರೆ ಒಳ್ಳೆಯದಲ್ವಾ? ಸುಮ್ನೆ ಕುರ್ಚಿಗಾಗಿ ಹೋಗುವವರ ಕತೆ ಬೇರೆ.

ಪ್ರಶ್ನೆ ಕೇಳಿದವರು: ಒಪ್ಪಿದೆ. ಆದರೂ ಲ್ಯಾಬಿನಲ್ಲೇ ಉಳಿದಿದ್ದರೆ ಇನ್ನೇನು ಮಾಡುತ್ತಿದ್ದರೋ ಅಂತ ಕುತೂಹಲ ಹೋಗುತ್ತಿಲ್ಲ.