ಸಹಾಯ ಬೇಕು: ಗ್ರೀಸ್‌ನಲ್ಲಿ ದೋಣಿ ದುರಸ್ತಿ ತಡ, ವೀಸಾ ಮುಗಿಯುತ್ತಿದೆ

ನಮಸ್ಕಾರ. ಹಾಯಿದೋಣಿಯಲ್ಲೇ ಸಂಸಾರ ಹೂಡಿ ಏಜಿಯನ್ ಸಮುದ್ರ ಸುತ್ತುತ್ತಿರುವ ದಂಪತಿ ನಾವು. ಈಗ ಲೆರೋಸ್ ದ್ವೀಪದ ದೋಣಿ ದುರಸ್ತಿ ಯಾರ್ಡೊಂದರಲ್ಲಿ ದೋಣಿ ನೆಲದ ಮೇಲಿದೆ. ಸೇಲ್‌ಡ್ರೈವ್‌ನ (ಎಂಜಿನ್ ಶಕ್ತಿಯನ್ನು ದೋಣಿಯ ತಳದ ಮೂಲಕ ಪ್ರೊಪೆಲರ್‌ಗೆ ತಲುಪಿಸುವ ಗೇರ್ ಘಟಕ) ಆಯಿಲ್ ಕಡ್ಡಿ ಎಳೆದು ನೋಡಿದರೆ ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗಿತ್ತು. ನೀರು ತಡೆಯುವ ರಬ್ಬರ್ ಸೀಲ್ ಸೋತು ಉಪ್ಪುನೀರು ಒಳಗೆ ನುಗ್ಗಿದೆ. ಹಳೆಯ ಸೀಲ್ ತೆಗೆದಾಗ ಪ್ರೊಪೆಲರ್ ಶಾಫ್ಟ್ ಮೇಲೆ ಉಗುರಿಗೆ ಸಿಕ್ಕುವಷ್ಟು ಗೀರು. ಹೊಸ ಸೀಲ್ ಹಾಕಿದರೆ ಸಾಕು ಎನ್ನುತ್ತಾನೆ ಮೆಕ್ಯಾನಿಕ್. ಗೀರಿನ ಮೇಲೆಯೇ ಅದು ಕೂತರೆ ಮತ್ತೆ ಸೋರದೆ ಇರುತ್ತದೆಯೇ? ನನಗಂತೂ ನಂಬಿಕೆಯಿಲ್ಲ.

ಹೊಸ ಶಾಫ್ಟ್ ಅಥೆನ್ಸ್‌ನಿಂದ ಹಡಗಿನಲ್ಲಿ ಬರಬೇಕು. ಆಗಸ್ಟ್ 15ರ ಮೇರಿಮಾತೆಯ ಹಬ್ಬದ ಆಸುಪಾಸಿನಲ್ಲಿ ಇಲ್ಲಿ ಯಾರನ್ನು ಕೇಳಿದರೂ ರಜೆ. ಅಲ್ಲಿಯವರೆಗೆ ಏಣಿ ಹತ್ತಿ ಇಳಿಯುತ್ತಾ, ಪಾತ್ರೆ ತೊಳೆದ ನೀರನ್ನು ಬಕೆಟ್‌ನಲ್ಲಿ ಹೊತ್ತು ಹಾಕುತ್ತಾ ದಿನ ದೂಡುತ್ತಿದ್ದೇವೆ.

ನಿಜವಾದ ತಲೆನೋವು ವೀಸಾ. ಯುರೋಪಿಯನ್ ಒಕ್ಕೂಟದ ಹೊರಗೆ ನೋಂದಣಿಯಾದ ನಮ್ಮ ದೋಣಿ ಇಲ್ಲಿ 18 ತಿಂಗಳು ಇರಬಹುದು. ಅದರ ಮಾಲೀಕರಾದ ನಮಗೆ ಮಾತ್ರ ಯಾವುದೇ 180 ದಿನಗಳಲ್ಲಿ 90 ದಿನ!

ಭಾರತದ ಪಾಸ್‌ಪೋರ್ಟ್ ಇರುವವರು ದೋಣಿ ದುರಸ್ತಿಯ ಕಾರಣ ಕೊಟ್ಟು ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ವಿಸ್ತರಿಸಿಕೊಂಡದ್ದುಂಟೇ? ಯಾರ್ಡಿನ ಪತ್ರ ಸಾಕೇ, ಇನ್ನೇನು ಕೇಳುತ್ತಾರೆ? ಆಗದಿದ್ದರೆ ದೋಣಿಯನ್ನು ಇಲ್ಲೇ ಬಿಟ್ಟು ಹೊರಡಬೇಕು. ಹಾಗೆ ಬಿಟ್ಟು ಹೋದವರು ಕೆಲಸದ ಮೇಲೆ ಕಣ್ಣಿಡಲು ಯಾರನ್ನು ನೇಮಿಸಿದಿರಿ, ಹಣವನ್ನು ಯಾವ ಹಂತದಲ್ಲಿ ಕೊಟ್ಟಿರಿ? ಶಾಫ್ಟ್‌ಗೆ ಗೀರು ಮುಚ್ಚುವ ತೆಳುವಾದ ಲೋಹದ ತೋಳು (ಸ್ಲೀವ್) ಹಾಕಿಸಿ ಗೆದ್ದವರಿದ್ದರೆ ಅದನ್ನೂ ತಿಳಿಸಿ. ದೋಣಿಯನ್ನು ನೀರಿಗಿಳಿಸುವ ಕ್ರೇನ್‌ನ ದಿನವನ್ನು ಶುಕ್ರವಾರದೊಳಗೆ ಹೇಳಬೇಕಿದೆ.