ಶಾಲೆ ತೆರೆಯುವ ಮುಂಚೆ: ನಲಿ-ಕಲಿ ಕೊಠಡಿ, ಮೊದಲ ತಿಂಗಳ ಬರವಣಿಗೆ. ಅನುಭವ ಹಂಚಿಕೊಳ್ಳಿ

ಹೊಸ ಶಿಕ್ಷಕಿ: ಈ ಜೂನ್‌ನಿಂದ ನಲಿ-ಕಲಿ (ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಚಟುವಟಿಕೆಯಿಂದ ಕಲಿಯುವ ಪದ್ಧತಿ) ನನ್ನ ಪಾಲಿಗೆ ಬಂದಿದೆ. ಒಂದರಿಂದ ಮೂರನೇ ತರಗತಿ, ಒಟ್ಟು 22 ಮಕ್ಕಳು. ಮಕ್ಕಳು ಬರೆಯುವ ಗೋಡೆ ಹಲಗೆಯ ಬಣ್ಣ ಹೋಗಿದೆ, ಅವರ ಬರಹ ತೂಗುಹಾಕುವ ಚಪ್ಪರದ ದಾರ ಹರಿದಿದೆ. ಬರವಣಿಗೆ ಎಲ್ಲಿಂದ ಹಿಡಿಯಲಿ?

ಹಾವೇರಿ ಮಾಸ್ತರ್: ಮೊದಲು ಗೋಡೆ ನೋಡ್ರಿ ಮೇಡಂ. ಸುಣ್ಣದ ಮ್ಯಾಲೆ ಬಣ್ಣ ಬಳಿದ್ರ ಮಳಿಗಾಲದಾಗ ಹಕ್ಕಳೆ ಏಳ್ತದ. ಸುಣ್ಣ ಪೂರಾ ಕೆರೀರಿ, ಉಜ್ಜುಕಾಗದ ಹಾಕ್ರಿ, ಧೂಳು ಒರೆಸಿ ಒಣಗಿಸ್ರಿ. ಆಮ್ಯಾಲೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಎರಡು ಕೋಟ್, ನಡುವೆ ಒಂದು ದಿನ ಬಿಡ್ರಿ. ಇಪ್ಪತ್ತಡಿ ಗೋಡೆ, ಎರಡಡಿ ಪಟ್ಟಿ ಅಂದ್ರ ಒಂದು ಲೀಟರ್. ಅಂಗಡಿಯವರು ಕರಿ ಎನಾಮಲ್ ಕೊಡಾಕ ನೋಡ್ತಾರ, ಬ್ಯಾಡ. ಅದರ ಹೊಳಪಿಗೆ ಸೀಮೆಸುಣ್ಣ ಜಾರ್ತದ. ಒಣಗಿದ ಮ್ಯಾಲೆ ಸೀಮೆಸುಣ್ಣ ಅಡ್ಡ ಹಿಡಿದು ಇಡೀ ಹಲಗೆಗೆ ಉಜ್ಜಿ ಒರೆಸ್ರಿ, ಇಲ್ಲಂದ್ರ ಮೊದಲ ದಿನ ಬರೆದ ಅಕ್ಷರದ ಗುರುತು ಹೋಗೂದಿಲ್ಲ. ಅನುದಾನ ಬರೋತನಕ ಕೈಯಿಂದಲೇ ಖರ್ಚು. ಬಿಲ್ ಎತ್ತಿಡ್ರಿ.

ತೀರ್ಥಹಳ್ಳಿ ಟೀಚರ್: ನಮ್ಮ ಮಳೆ ಸೀಮೆಯಲ್ಲಿ ಗೋಡೆಗಿಂತ ಚಪ್ಪರದ್ದೇ ತಲೆನೋವು. ನೂಲಿನ ಹಗ್ಗಕ್ಕೆ ಬೂಷ್ಟು ಹಿಡಿಯುತ್ತೆ, ನೈಲಾನ್ ಜೋತುಬೀಳುತ್ತೆ. ಜಿಐ ತಂತಿಯೇ (ಸತು ಲೇಪಿಸಿದ ಕಬ್ಬಿಣದ್ದು) ಸರಿ. ಮಕ್ಕಳ ಕಾಗದ ತೇವಕ್ಕೆ ಸುರುಳಿ ಸುತ್ತುತ್ತೆ, ಹಳೇ ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿ ತೂಗುಹಾಕಿ. ಎತ್ತರ ನಾಲ್ಕೂವರೆ ಅಡಿ. ಒಂದನೇ ತರಗತಿ ಮಗು ತಾನೇ ಕೈಯೆತ್ತಿ ಹಾಕಬೇಕು.

ಹಾವೇರಿ ಮಾಸ್ತರ್: ನಾಲ್ಕೂವರೆ ಅಡಿಗೆ ತಂತಿ? ನಡೆದಾಡೋ ದೊಡ್ಡವರ ಕುತ್ತಿಗೆಗೇ ಬರ್ತದಲ್ರಿ!

ತೀರ್ಥಹಳ್ಳಿ ಟೀಚರ್: ಕೋಣೆ ನಡುವೆ ಕಟ್ಟಿ ಅಂದವರು ಯಾರು ಸಾರ್? ಗೋಡೆಗುಂಟ ಎಳೆಯಿರಿ, ತುದಿ ಮಡಚಿ ಟೇಪ್ ಸುತ್ತಿ. ಕೈಗೆಟಕದ ಚಪ್ಪರ ಬರೀ ಅಲಂಕಾರ.

ನಿವೃತ್ತ ಮುಖ್ಯಶಿಕ್ಷಕ: ಚಪ್ಪರ ಆಮೇಲಾಯಿತು. ಬರವಣಿಗೆ ಅಂದರೆ ಅ ಆ ಇ ಈ. ಸ್ವರಗಳ ಕ್ರಮ ಗೊತ್ತಿಲ್ಲದ ಮಗು ಕಾಗುಣಿತದಲ್ಲಿ ಎಡವುತ್ತದೆ.

ಎಚ್.ಡಿ. ಕೋಟೆ ಮೇಷ್ಟ್ರು: ಸಾರ್, ನಲಿ-ಕಲಿ 1995ರಲ್ಲಿ ನಮ್ಮ ತಾಲ್ಲೂಕಲ್ಲೇ ಶುರುವಾದದ್ದು. ಈ ವಾದ ಆಗಿಂದ ಕೇಳ್ತಾ ಇದ್ದೀವಿ. ಅ ಆ ಇ ಈ ಪೂರ್ತಿ ಬರೆದ ಮಗು ಯಾವ ಪದ ಬರೆಯುತ್ತೆ, ಹೇಳಿ? ರ ಗ ಸ ದ ಅ ಕಲಿತರೆ ಸರ, ಅರಸ, ಅಗಸ, ಗರಗಸ ಎಲ್ಲಾ ಬರುತ್ತೆ, ಒಂದೂ ಕಾಗುಣಿತ ಬೇಡ. ಸ್ವರಮಾಲೆ ಬಾಯಲ್ಲಿ ಹಾಡಿಸಿ, ಬರೆಸಬೇಡಿ. ಮೇಡಂ, ಮೊದಲು ಮರಳ ತಟ್ಟೆ, ಆಮೇಲೆ ಗೋಡೆ ಹಲಗೆ, ಆಮೇಲೆ ಸ್ಲೇಟು, ಕೊನೆಗೆ ಪುಸ್ತಕ. ಕೈ ಎಲ್ಲಿಂದ ಹೊರಡುತ್ತೆ ಅಂತ ಪಕ್ಕ ಕೂತು ನೋಡಿ. ತಲೆಕಟ್ಟು ಮೊದಲು ಎಳೆದು ಕೆಳಗೆ ಸೊನ್ನೆ ಅಂಟಿಸಿದರೆ ನೋಡೋಕೆ ರ ಸರಿಯಾಗೇ ಕಾಣುತ್ತೆ, ಎರಡೆರಡು ಸಲ ಕೈ ಎತ್ತೋ ಅಭ್ಯಾಸ ಮಾತ್ರ ಬಿಡಲ್ಲ. ಮುಂದಿನ ಗುಂಪು ಜ ವ ಮ ಬ ನ ಬಂದಾಗ ನೋಡೋಕೆ ಒಂದೇ ಥರ ಇರೋ ವ, ಮ ಒಂದೇ ದಿನ ಬೇಡ. ವ ಗಟ್ಟಿಯಾಗಲಿ.

ನಿವೃತ್ತ ಮುಖ್ಯಶಿಕ್ಷಕ: ಊರಿನ ಪೋಷಕರು "ಅ ಆ ಇ ಈ ಬರೆಯೋಕೆ ಬರಲ್ಲ" ಅಂತ ಮಗುವನ್ನು ಕಾನ್ವೆಂಟಿಗೆ ಸೇರಿಸಿದಾಗ ತಾವು ಬಂದು ಉತ್ತರ ಕೊಡ್ತೀರಾ?

ಎಚ್.ಡಿ. ಕೋಟೆ ಮೇಷ್ಟ್ರು: ಕೊಡ್ತೀನಿ ಸಾರ್. ಪೋಷಕರ ಸಭೆಯಲ್ಲಿ ಮಗು ಕೈಯಲ್ಲೇ ಅವರ ಮುಂದೆ "ಗರಗಸ" ಬರೆಸ್ತೀನಿ.

ತೀರ್ಥಹಳ್ಳಿ ಟೀಚರ್: ಇಬ್ಬರೂ ಒಂದನೇ ತರಗತಿ ಬಿಟ್ಟು ಮೇಲೇಳಲಿಲ್ಲ. ಎರಡು, ಮೂರಕ್ಕೆ ಸೇತುಬಂಧ (ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆ ಪರೀಕ್ಷಿಸಿ ಸರಿಪಡಿಸೋದು) ಇದೆ. ಮೇಡಂ, ಪೂರ್ವ ಪರೀಕ್ಷೆಗೆ ಹಾಳೆ ಮೊದಲೇ ತೆಗೆದಿಡಿ. ಉಕ್ತಲೇಖನದಲ್ಲಿ ಕಾಗುಣಿತವಿಲ್ಲದ ಐದು ಪದ, ದೀರ್ಘದ ಐದು, ಒತ್ತಕ್ಷರದ ಐದು. ಎಲ್ಲಿ ತಪ್ಪು ಶುರುವಾಗುತ್ತೋ ಆ ಮೆಟ್ಟಿಲಿಂದ ಹಿಡಿಯಿರಿ.

ಹಾವೇರಿ ಮಾಸ್ತರ್: ತಂತಿ ಯಾವ ಗೇಜ್ ಅಂತ ಹೇಳಲೇ ಇಲ್ಲ ನೋಡ್ರಿ ಟೀಚರ್.

ತೀರ್ಥಹಳ್ಳಿ ಟೀಚರ್: 16 ಗೇಜ್. 14 ಇನ್ನೂ ದಪ್ಪ, ತಂದರೆ ಕೈಯಲ್ಲಿ ಬಾಗಲ್ಲ, ಇಕ್ಕಳ ಬೇಕು.